ಹಿನ್ನೀರಿನ ದಂಡೆಯಲ್ಲಿ ಕಲ್ಲಿನ ನಕ್ಷೆ

ಲಿಂಗನಮಕ್ಕಿಯ ಹಿನ್ನೀರು ಒಂದೇ ಹಾಳೆಯಲ್ಲಿ ಹಿಡಿಸುವುದಿಲ್ಲ. ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳಲ್ಲಿ ಅಣೆಕಟ್ಟು ಮತ್ತು ಜೋಗ 48 ಜೆ/16ರಲ್ಲಿವೆ, ಸಾಗರ ಪೇಟೆ 48 ಎನ್/4ರಲ್ಲಿ, ಹೊಸನಗರ 48 ಓ/1ರಲ್ಲಿ, ಕೊಡಚಾದ್ರಿ 48 ಕೆ/13ರಲ್ಲಿ. ನಾಲ್ಕನ್ನೂ ಅಂಚು ಮಡಿಸಿ, ಮೂಲೆಗೆ ಮೂಲೆ ಕೂಡಿಸಿ ನೆಲದ ಮೇಲೆ ಹಾಸಿದಾಗಲೇ ಶರಾವತಿಯ ನೀರು ಯಾವ ಯಾವ ಕಣಿವೆಯೊಳಗೆ ನುಗ್ಗಿ ನಿಂತಿದೆ ಎಂಬುದು ಕಣ್ಣಿಗೆ ಬೀಳುವುದು. ತೀರ್ಥಹಳ್ಳಿ ಕಡೆಯ ಅಂಬುತೀರ್ಥದಿಂದ ಹೊರಟ ಹೊಳೆ ವಾಯವ್ಯಕ್ಕೆ ಹರಿದು, ಕೊನೆಗೆ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಧುಮುಕುವ ಅಷ್ಟೂ ದಾರಿ ಆಗ ಒಂದೇ ನೋಟಕ್ಕೆ ದಕ್ಕುತ್ತದೆ.

1990ರ ದಶಕದಲ್ಲಿ ಹೊಸನಗರ ತಾಲ್ಲೂಕಿನ ಹುಡುಗಿಯೊಬ್ಬಳು ಭೂವಿಜ್ಞಾನದ ಎಂ.ಎಸ್ಸಿ. ಸೇರಿದಾಗ ಮೊದಲು ಕಲಿತದ್ದು ಈ ಹಾಳೆಗಳನ್ನು ಹರಿಯದಂತೆ ಬಿಚ್ಚಿ ಮಡಿಸುವುದನ್ನು. ಆಗ ಅವು ಅಂಗಡಿಯಲ್ಲಿ ಸಿಗುವ ಸರಕಾಗಿರಲಿಲ್ಲ. ಗಡಿ ಮತ್ತು ಕರಾವಳಿಯಿಂದ 80 ಕಿಲೋಮೀಟರ್ ಒಳಗಿನ ಪ್ರದೇಶದ ಟೋಪೋಶೀಟುಗಳು ನಿರ್ಬಂಧಿತ ಪಟ್ಟಿಯಲ್ಲಿದ್ದವು. ಲಿಂಗನಮಕ್ಕಿಯಿಂದ ಹೊನ್ನಾವರದ ಕಡಲು ಅಷ್ಟು ದೂರ ಇಲ್ಲದಿರುವುದರಿಂದ ಅವಳ ಊರಿನ ಹಾಳೆ ವಿಭಾಗದ ಬೀರುವಿನಲ್ಲಿ ಬೀಗದ ಹಿಂದೆ ಇರುತ್ತಿತ್ತು. ರಿಜಿಸ್ಟರಿಗೆ ಸಹಿ ಹಾಕಿ ಪಡೆಯಬೇಕು, ಸಂಜೆ ಎಣಿಸಿ ಒಪ್ಪಿಸಬೇಕು. 2005ರ ರಾಷ್ಟ್ರೀಯ ನಕ್ಷಾ ನೀತಿ ಬಂದ ಮೇಲೆ ಸಾರ್ವಜನಿಕರಿಗೆಂದೇ ಬೇರೆ ಸರಣಿ ತೆರೆಯಿತು, 2021ರ ಮಾರ್ಗಸೂಚಿ ಇನ್ನಷ್ಟು ಗಂಟು ಸಡಿಲಿಸಿತು. ಆದರೆ ಅವಳು ಕಲಿತ ಕಾಲದಲ್ಲಿ, ತಾನು ಹುಟ್ಟಿ ಬೆಳೆದ ಗುಡ್ಡದ ಎತ್ತರ ಎಷ್ಟೆಂದು ತಿಳಿಯಲು ಮೇಷ್ಟ್ರ ಕೈಯಿಂದ ಬೀಗದ ಕೈ ಪಡೆಯಬೇಕಿತ್ತು.

ತರಗತಿಯಲ್ಲಿ ಕಾಂಟೂರ್ ಗೆರೆ ಎಂದರೆ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಕೂಡಿಸುವ ಗೆರೆ ಎಂದು ಬರೆಸಿದ್ದರು. ಪರೀಕ್ಷೆಗೆ ಅಷ್ಟು ಸಾಕು. ಕಂದುಬಣ್ಣದ ಆ ಸುರುಳಿ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಬಯಲು ಎಂಬುದನ್ನೂ ಎಲ್ಲರೂ ಬಾಯಿಪಾಠ ಮಾಡಿದ್ದರು. ಅದು ನೆಲದ ಮೇಲೆ ಹೇಗಿರುತ್ತದೆ ಎಂಬುದನ್ನು ತೋರಿಸಲು ಮೇಷ್ಟ್ರು ಹುಡುಗರನ್ನೆಲ್ಲ ಮೇ ತಿಂಗಳಲ್ಲಿ ಹಿನ್ನೀರಿನ ದಂಡೆಗೆ ಕರೆದೊಯ್ದರು.

ಬೇಸಿಗೆಯಲ್ಲಿ ಆ ದಂಡೆಯನ್ನು ನೋಡಿದವರಿಗೆ ಗೊತ್ತು. ಮೇಲೆ ಹಸಿರು ಕಾಡು, ಕೆಳಗೆ ನೀರು, ನಡುವೆ ಹುಲ್ಲೂ ಬೆಳೆಯದ ಕೆಂಪು ಪಟ್ಟೆ. ಆ ಪಟ್ಟೆಯ ಮೇಲಂಚು ಎಲ್ಲಿ ಹೋದರೂ ಒಂದೇ ಮಟ್ಟದಲ್ಲಿರುತ್ತದೆ. ಗುಡ್ಡದ ಮೂತಿ ಬಂದರೆ ಅದನ್ನು ಬಳಸುತ್ತದೆ, ಹಳ್ಳ ಬಂದರೆ ಅದರೊಳಗೆ ಒಳಸರಿದು, ಆಚೆ ದಡದಿಂದ ಹೊರಬರುತ್ತದೆ. ಅದು ಜಲಾಶಯದ ಪೂರ್ಣಮಟ್ಟ, ಸಮುದ್ರಮಟ್ಟದಿಂದ 1819 ಅಡಿ. ಅದರ ಕೆಳಗೆ ನೀರು ಇಳಿಯುತ್ತ ಹೋದಂತೆ ಉಳಿದ ಕೆಸರಿನ ಗೆರೆಗಳು, ಒಂದರ ಕೆಳಗೊಂದು. ‘ನೋಡಿ, ಇದೇ ಕಾಂಟೂರ್. ಕಾಗದದ ಮೇಲಿರುವುದು ಇದರ ಚಿತ್ರ ಅಷ್ಟೆ’ ಎಂದರು ಮೇಷ್ಟ್ರು. ಹಳ್ಳ ಸಿಕ್ಕಲ್ಲಿ ಕಾಂಟೂರ್ ಗೆರೆ ಮೇಲ್ದಿಕ್ಕಿಗೆ ಚೂಪಾಗುತ್ತದೆ ಎಂಬ ನಿಯಮವನ್ನು ಅವಳು ಆಮೇಲೆ ಎಂದೂ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಕಣ್ಣ ಮುಂದಿನ ನೀರೇ ಹಾಗೆ ಬರೆದಿತ್ತು.

ಕಾಂಟೂರ್ ಅರ್ಥವಾಗದೆ ಭೂವೈಜ್ಞಾನಿಕ ನಕ್ಷೆ ಅರ್ಥವಾಗದು. ಕಲ್ಲಿನ ಪದರ ಎಂಬುದು ಭೂಮಿಯೊಳಗೆ ಒಂದು ಹಲಗೆಯಂತೆ ಓರೆಯಾಗಿಯೋ ನೆಟ್ಟಗೋ ಮಲಗಿಯೋ ಇರುತ್ತದೆ. ಅದು ನೆಲದ ಮೇಲ್ಮೈಯನ್ನು ಕತ್ತರಿಸುವ ಗೆರೆಯೇ ನಕ್ಷೆಯಲ್ಲಿ ಕಾಣುವ ಗಡಿ. ನೆಲ ಏರಿಳಿತವಿದ್ದರೆ ಆ ಗೆರೆ ಸೊಟ್ಟ ಹೋಗುತ್ತದೆ, ಯಾವ ಕಡೆಗೆ ಎಷ್ಟು ಸೊಟ್ಟ ಎನ್ನುವುದರಿಂದ ಪದರ ಒಳಗೆ ಯಾವ ಕಡೆ ವಾಲಿದೆ ಎಂದು ಹೇಳಬಹುದು. ಇದಕ್ಕೆ ಮಲೆನಾಡಿನಲ್ಲಿ ಎರಡು ಒಳ್ಳೆಯ ಉದಾಹರಣೆಗಳಿವೆ. ಗುಡ್ಡದ ನೆತ್ತಿಯನ್ನು ಮುಚ್ಚಿಕೊಂಡಿರುವ ಜಂಬಿಟ್ಟಿಗೆ ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿದ ಹೊದಿಕೆ. ಆದ್ದರಿಂದ ನಕ್ಷೆಯಲ್ಲಿ ಅದರ ಅಂಚು ಕಾಂಟೂರ್ ಗೆರೆಯ ಜೊತೆಜೊತೆಗೇ ಸುತ್ತುತ್ತದೆ. ಡೈಕ್ ಹಾಗಲ್ಲ. ಬಿರುಕಿನೊಳಗೆ ಕೆಳಗಿನಿಂದ ಉಕ್ಕಿ ಬಂದು ಹೆಪ್ಪುಗಟ್ಟಿದ ಕರಿಕಲ್ಲಿನ ಗೋಡೆ ಅದು, ಬಹುಮಟ್ಟಿಗೆ ನೆಟ್ಟಗೆ ನಿಂತಿರುತ್ತದೆ. ಗುಡ್ಡ ಬರಲಿ, ಹಳ್ಳ ಬರಲಿ, ನಕ್ಷೆಯಲ್ಲಿ ಅದು ಕಾಂಟೂರುಗಳನ್ನೆಲ್ಲ ಕಡಿದುಕೊಂಡು ನೇರ ಹೋಗುತ್ತದೆ. ಈ ಎರಡನ್ನೂ ಒಂದೇ ದಿನ ನಡೆದು ನೋಡಿದವರಿಗೆ ಉಳಿದ ಓರೆ ಪದರಗಳ ಲೆಕ್ಕ ಕಷ್ಟವಾಗುವುದಿಲ್ಲ.

ಓದುವುದು ಹೀಗೆ ಬಂತು. ನಕ್ಷೆ ಮಾಡುವುದು ಬೇರೆಯೇ ಕೆಲಸ.

ಮಲೆನಾಡಿನಲ್ಲಿ ನಕ್ಷೆ ಮಾಡಲು ಹೊರಟವರ ಮೊದಲ ತೊಂದರೆ ಎಂದರೆ ಕಲ್ಲು ಕಾಣಿಸದಿರುವುದು. ಚಿತ್ರದುರ್ಗದಂಥ ಬಯಲುಸೀಮೆಯಲ್ಲಿ ಬಂಡೆಗಳು ಬರಿಮೈಯಲ್ಲಿ ನಿಂತಿರುತ್ತವೆ. ಇಲ್ಲಿ ಕಾಡು, ಅದರ ಕೆಳಗೆ ದರಗು, ಅದರ ಕೆಳಗೆ ಕೆಮ್ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆ. ಗಟ್ಟಿಕಲ್ಲು ಸಿಗುವುದು ಹಳ್ಳದ ತಳದಲ್ಲಿ, ರಸ್ತೆ ಕಡಿದ ದರೆಯಲ್ಲಿ, ಬಾವಿಯೊಳಗೆ, ಮತ್ತು ಬೇಸಿಗೆಯ ಹಿನ್ನೀರಿನ ದಂಡೆಯಲ್ಲಿ. ಹಲವು ವರ್ಷ ನೀರಿನ ಏರಿಳಿತಕ್ಕೆ ಸಿಕ್ಕ ದಂಡೆಯ ಮಣ್ಣು ಕೊಚ್ಚಿಹೋಗಿ ಬಂಡೆ ಬೆಳ್ಳಗೆ ತೊಳೆದಿಟ್ಟಂತೆ ಕಾಣುತ್ತದೆ. ಈ ಸೀಮೆಯ ಕಲ್ಲನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದಿಲ್ಲ.

ಅಂಥದೊಂದು ಹಾಸುಬಂಡೆಯ ಮೇಲೆ ಅವಳು ಮೊದಲ ಅಳತೆ ತೆಗೆದಳು. ಬಂಡೆ ನೈಸ್. ಬೂದು, ಬಿಳಿ ಪಟ್ಟೆಗಳು ಒಂದರ ಪಕ್ಕ ಒಂದು, ಕೆಲವು ಕಡೆ ಮಡಚಿಕೊಂಡು. ಮೊದಲು ಸುತ್ತಿಗೆಯಿಂದ ಒಂದು ಚಕ್ಕೆ ಒಡೆದು ಹೊಸ ಮುಖ ನೋಡಬೇಕು, ಹೊರಮೈ ಬಿಸಿಲು ಮಳೆಗೆ ಬಣ್ಣ ಕಳೆದುಕೊಂಡಿರುತ್ತದೆ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಕಲ್ಲನ್ನೇ ಕಣ್ಣ ಹತ್ತಿರಕ್ಕೆ ತರಬೇಕು. ಗಾಜಿನ ಹೊಳಪಿನದು ಕ್ವಾರ್ಟ್ಜ್, ಮೈ ಚಪ್ಪಟೆಯಾಗಿ ಮಿಂಚುವ ಬಿಳಿ ಅಥವಾ ಗುಲಾಬಿಯದು ಫೆಲ್ಡ್‌ಸ್ಪಾರ್, ಉಗುರಿಗೆ ಸಿಪ್ಪೆ ಏಳುವ ಕಪ್ಪು ಬಯೋಟೈಟ್ ಅಭ್ರಕ. ಆಮೇಲೆ ಬ್ರಂಟನ್ ದಿಕ್ಸೂಚಿಯ ಅಂಚನ್ನು ಪಟ್ಟೆಗೆ ತಾಗಿಸಿ, ಒಳಗಿನ ನೀರುಗುಳ್ಳೆ ನಡುವೆ ನಿಲ್ಲುವವರೆಗೆ ಅಲುಗಾಡದೆ ಕಾದು, ಪಟ್ಟೆ ಓಡುವ ದಿಕ್ಕು ಓದಬೇಕು. ಅದು ಸ್ಟ್ರೈಕ್. ಅದಕ್ಕೆ ಲಂಬವಾಗಿ ದಿಕ್ಸೂಚಿಯನ್ನು ಅಡ್ಡ ಹಿಡಿದು ಪದರ ಎಷ್ಟು ಡಿಗ್ರಿ ವಾಲಿದೆ ಎಂದು ನೋಡಬೇಕು. ಅದು ಡಿಪ್. ಎರಡನ್ನೂ ಪುಸ್ತಕದಲ್ಲಿ ಬರೆದು, ಟೋಪೋಶೀಟಿನಲ್ಲಿ ತಾನು ನಿಂತ ಜಾಗ ಹುಡುಕಿ, ಅಲ್ಲಿ ಒಂದು ಪುಟ್ಟ ಗೆರೆ, ಅದರ ನಡುವಿನಿಂದ ವಾಲಿದ ಕಡೆಗೆ ಒಂದು ಮೊಟಕು ಕಡ್ಡಿ, ಪಕ್ಕದಲ್ಲಿ ಅಂಕಿ. ಇಷ್ಟಾದರೆ ಆ ಬಂಡೆ ನಕ್ಷೆಗೆ ಬಂದಂತೆ.

ಸಾಲು ಸಾಲಾಗಿ ಅಳತೆ ಬಿದ್ದಂತೆ ಪುಟ್ಟ ಗೆರೆಗಳು ಬಹುಪಾಲು ಒಂದೇ ಕಡೆ ಮುಖ ಮಾಡತೊಡಗಿದವು. ಉತ್ತರಕ್ಕೆ, ತುಸು ಪಶ್ಚಿಮಕ್ಕೆ. ಧಾರವಾಡ ಸೀಮೆಯಿಂದ ದಕ್ಷಿಣ ಮೈಸೂರಿನವರೆಗೆ ಹಳೆಯ ಕಲ್ಲುಗಳು ಓಡುವ ದಿಕ್ಕೇ ಇದು. ಶರಾವತಿಯೂ ತನ್ನ ಮೇಲ್ಭಾಗದಲ್ಲಿ ಸುಮಾರಾಗಿ ಅದೇ ಕಡೆ ಹರಿಯುತ್ತಾಳೆ. ನಕ್ಷೆಯಲ್ಲಿ ಹೊಳೆಯ ನೀಲಿಗೆರೆಯನ್ನೂ ಕಲ್ಲಿನ ಕಪ್ಪುಗೆರೆಗಳನ್ನೂ ಒಟ್ಟಿಗೆ ನೋಡಿದ ದಿನ ಅವಳಿಗೆ ಈ ವಿದ್ಯೆಯ ರುಚಿ ಹತ್ತಿತು.

ದಂಡೆಯಿಂದ ದೂರ ಸರಿದರೆ ಕಲ್ಲು ಮತ್ತೆ ಮಣ್ಣಿನಡಿ ಅಡಗುತ್ತದೆ. ಅಲ್ಲಿ ನೆರವಿಗೆ ಬಂದವರು ಬಾವಿ ತೋಡುವವರು ಮತ್ತು ಜಂಬಿಟ್ಟಿಗೆ ಕಡಿಯುವವರು. ಹೊಸನಗರ ದಾರಿಯ ಒಂದು ಕಲ್ಲುಕ್ವಾರಿಯಲ್ಲಿ ವಯಸ್ಸಾದ ಕೆಲಸಗಾರರೊಬ್ಬರು, ‘ಎಂತ ಹುಡುಕ್ತಿದೀಯೆ ತಂಗಿ?’ ಎಂದು ಕೇಳಿ, ಅವಳು ಹೇಳಿದ್ದನ್ನು ಕೇಳಿಸಿಕೊಂಡು, ಬಾವಿಯ ಲೆಕ್ಕವನ್ನು ಕೈಯಲ್ಲೇ ಅಳೆದು ತೋರಿಸಿದರು. ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರಡಿ ಕೆಂಪು ಹಳದಿ ಮಿಶ್ರದ ಮೆದು ಮಣ್ಣು, ಅದರಡಿ ಗೋಡೆಗೆ ಬಳಿಯುವ ಬಿಳಿ ಶೇಡಿ, ಶೇಡಿ ಮುಗಿದ ಮೇಲೆ ಕೊಳೆತ ಕಲ್ಲು, ಆಮೇಲೆ ಹಾರೆ ಹೋಗದ ಬಂಡೆ. ನೀರು ಸಿಗುವುದು ಶೇಡಿ ದಾಟಿದ ಮೇಲೆ. ಪಠ್ಯಪುಸ್ತಕ ಲ್ಯಾಟರೈಟಿನ ಪಾರ್ಶ್ವಚಿತ್ರ ಎಂದು ಬರೆಯುವುದು ಇದನ್ನೇ, ಇದೇ ಕ್ರಮದಲ್ಲಿ. ಬಿಸಿಲು ಮತ್ತು ಭಾರಿ ಮಳೆಯ ಸೀಮೆಯಲ್ಲಿ ಕಲ್ಲಿನೊಳಗಿನ ಸಿಲಿಕ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಮೇಲೆ ಗಟ್ಟಿಯಾಗುತ್ತದೆ. ಕೊಳೆತ ಕಲ್ಲಿನ ಪದರವನ್ನು ಬಾವಿಯ ಗೋಡೆಯಲ್ಲಿ ಹತ್ತಿರದಿಂದ ನೋಡಿದರೆ ಬೆರಳಿಗೆ ಪುಡಿಯಾಗುವ ಆ ಮಣ್ಣಿನಲ್ಲೂ ನೈಸಿನ ಪಟ್ಟೆಗಳು ಹಾಗೇ ಉಳಿದಿರುತ್ತವೆ. ಅದರ ಮೇಲೆ ದಿಕ್ಸೂಚಿ ಇಟ್ಟು ಸ್ಟ್ರೈಕ್ ತೆಗೆಯಬಹುದು. ಅವಳು ತೆಗೆದಳು. ಊರವರ ಬಾವಿಗಳು ಅವಳ ನಕ್ಷೆಯಲ್ಲಿ ಎಷ್ಟೋ ಖಾಲಿ ಜಾಗಗಳನ್ನು ತುಂಬಿಕೊಟ್ಟವು.

ನಮ್ಮ ನಾಡಿನ ಕಲ್ಲಿನ ನಕ್ಷೆಗೆ ದೊಡ್ಡ ಇತಿಹಾಸವಿದೆ. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದು ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆತಂದಿತು. ಧಾರವಾಡ ಶಿಲಾವರ್ಗಕ್ಕೆ ಹೆಸರಿಟ್ಟವರೂ ಅವರೇ. ಅವರ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಅವರ ಕಾಲದಲ್ಲಿ ಇಡೀ ಸಂಸ್ಥಾನದ ನಕ್ಷೆ ಸಿದ್ಧವಾಯಿತು. ಪೆನಿನ್ಸುಲರ್ ನೈಸ್ ಎಂಬ ಹೆಸರನ್ನು 1916ರಲ್ಲಿ ಬಳಕೆಗೆ ತಂದವರು ಸ್ಮೀತ್, ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಬಳಿಯ ಫಲಕ ಅದನ್ನು ಇಂದಿಗೂ ಹೇಳುತ್ತದೆ. ಫೂಟ್ ಅವರ ಅಭಿಪ್ರಾಯದಲ್ಲಿ ನೈಸ್ ಹಳೆಯದು, ಧಾರವಾಡದ ಪದರಗಳು ಅದರ ಮೇಲೆ ಕೂತವು. ಸ್ಮೀತ್ ಅದನ್ನು ತಿರುವಿ ಹಾಕಿ, ಧಾರವಾಡವೇ ಹಳೆಯದು, ನೈಸ್ ಅದರೊಳಗೆ ನುಗ್ಗಿದ್ದು ಎಂದರು. ಇಬ್ಬರ ಮುಂದೆಯೂ ಇದ್ದದ್ದು ಅದೇ ಗಡಿರೇಖೆ! ಮುಂದೆ ಧಾರವಾಡದ ಉಂಡೆಗಲ್ಲಿನ ಪದರಗಳಲ್ಲಿ ನೈಸಿನ ತುಂಡುಗಳು ಸಿಕ್ಕವು, ವಿಕಿರಣದಿಂದ ವಯಸ್ಸು ಅಳೆಯುವ ವಿಧಾನವೂ ಬಂತು. ನೈಸಿನ ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯದು, ಧಾರವಾಡದ ಪದರಗಳು ಅದಕ್ಕಿಂತ ಕಿರಿಯವು ಎಂದಾಯಿತು. ಆದರೆ ನೈಸಿನೊಳಗೆ ಅದಕ್ಕೂ ಹಳೆಯ ಸರಗೂರಿನ ಬಗೆಯ ಶಿಸ್ಟ್ ತುಣುಕುಗಳು ಸಿಕ್ಕಿಕೊಂಡಿರುವುದರಿಂದ ಸ್ಮೀತ್ ಕಂಡದ್ದರಲ್ಲೂ ಹುರುಳಿತ್ತು. ಈ ವಾದವನ್ನು ಮುಂದಿನ ತಲೆಮಾರಿಗೆ ದಾಟಿಸಿದವರಲ್ಲಿ ಬಿ.ಪಿ. ರಾಧಾಕೃಷ್ಣ ಪ್ರಮುಖರು. ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 1958ರಲ್ಲಿ ಹುಟ್ಟಲು ಕಾರಣರಾದ ಅವರು ಕನ್ನಡದಲ್ಲೂ ಭೂವಿಜ್ಞಾನ ಬರೆದರು. ಕನ್ನಡ ಮಾಧ್ಯಮದಿಂದ ಬಂದ ಆ ಹುಡುಗಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಕೊಡಚಾದ್ರಿಯ ಮೇಲೆ ಮತ್ತೊಂದು ಪಾಠ ಕಾದಿತ್ತು. 1343 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಕಬ್ಬಿಣದ ಅದಿರಿದೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿ ಹಳೆಯ ಕಬ್ಬಿಣದ ಸ್ತಂಭವೂ ನಿಂತಿದೆ. ಅದಿರಿನಲ್ಲಿ ಮ್ಯಾಗ್ನೆಟೈಟ್ ಇದ್ದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಅಲ್ಲಿ ದೂರದ ಗುರುತುಗಳನ್ನು ನೋಡಿ, ಟೋಪೋಶೀಟನ್ನೇ ನೆಲಕ್ಕೆ ಹೊಂದಿಸಿ, ಅಳತೆಪಟ್ಟಿಯಿಂದ ದಿಕ್ಕು ತೆಗೆಯಬೇಕು. ಮೋಡವಿಲ್ಲದ ಬೆಳಿಗ್ಗೆ ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ಗುರುತುಗಳಿಗೇನೂ ಕೊರತೆಯಿಲ್ಲ.

ಇವೆಲ್ಲದರ ನಡುವೆ ಮೇಷ್ಟ್ರು ಒಮ್ಮೆ ಬೀರುವಿನ ತಳದಿಂದ ಹಳೆಯ ಹಾಳೆಯೊಂದನ್ನು ತೆಗೆದರು. ಅದು ಒಂದು ಇಂಚಿಗೆ ಒಂದು ಮೈಲಿಯ ಕಾಲದ್ದು, ಅಣೆಕಟ್ಟಿಗಿಂತ ಹಿಂದಿನದು. ಈಗಿನ ಹಾಳೆಯಲ್ಲಿ ಬರೀ ನೀಲಿ ಇರುವಲ್ಲಿ ಅದರಲ್ಲಿ ಹಳ್ಳಿಗಳ ಹೆಸರು, ಮನೆಗಳ ಚುಕ್ಕೆ, ಗುಡಿ, ಹೊಳೆ ದಾಟುವ ಕಾಲುದಾರಿಗಳಿದ್ದವು. 1964ರ ಅಣೆಕಟ್ಟು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಊರುಗಳನ್ನು ಎಬ್ಬಿಸಿತು. ಅವಳ ಅಜ್ಜನ ಮನೆ ಅವುಗಳಲ್ಲಿ ಒಂದರಲ್ಲಿತ್ತು. ಮನೆಯಲ್ಲಿ ಹಿರಿಯರು ಮುಳುಗಡೆಯ ಮಾತು ಎತ್ತಿದಾಗಲೆಲ್ಲ ಕೇಳಿದ್ದ ಹೆಸರು ಆ ಹಾಳೆಯಲ್ಲಿ ಅಚ್ಚಾಗಿತ್ತು. 1819 ಅಡಿಯ ಕಾಂಟೂರನ್ನು ಅವಳು ಪೆನ್ಸಿಲಿನಲ್ಲಿ ಆ ಹಳೆಯ ಹಾಳೆಯ ನಕಲಿನ ಮೇಲೆ ಎಳೆದಳು. ಗೆರೆಯ ಕೆಳಗಿದ್ದ ಗದ್ದೆ ತೋಟಗಳೆಲ್ಲ ನೀರಿಗೆ, ಮೇಲಿದ್ದ ಸೊಪ್ಪಿನಬೆಟ್ಟ ಕಾಡುಗಳು ದ್ವೀಪಗಳಾಗಿ ಹೊರಗೆ. ಕರೂರು, ಬಾರಂಗಿ ಹೋಬಳಿಗಳ ಜನ ಸಾಗರಕ್ಕೆ ಬರಲು ಲಾಂಚ್ ಕಾಯುವಂತಾದದ್ದು ಆ ಗೆರೆಯಿಂದ. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ, ಆರು ದಶಕಗಳ ನಂತರ. ನೀರಾವರಿ, ವಿದ್ಯುತ್ ಯೋಜನೆಗಳ ಕಡತದಲ್ಲಿ ಕಾಂಟೂರ್ ಎಂದರೆ ಒಂದು ಸಂಖ್ಯೆ. ಅದು ಯಾರ ಅಂಗಳದಲ್ಲಿ ಹಾದುಹೋಗುತ್ತದೆ ಎಂಬುದನ್ನೂ ನಕ್ಷೆ ಓದುವವರು ನೋಡಲೇಬೇಕು ಎಂದು ಅವಳು ಅಂದಿನಿಂದ ನಂಬಿದ್ದಾಳೆ.

ಬೇಸಿಗೆ ತೀರಾ ಬಿರುಸಾದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ನೀರಿನಿಂದ ಮೇಲೇಳುತ್ತದೆ. 1940ರ ದಶಕದಲ್ಲಿ ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದು, ಲಿಂಗನಮಕ್ಕಿಯ ನೀರು ಅದನ್ನೇ ಮುಳುಗಿಸಿತು. ಜನ ಕುಟುಂಬ ಸಮೇತ ನೋಡಲು ಬರುತ್ತಾರೆ. ಅವರ ಕಾಲಡಿಯ ದಂಡೆಯಲ್ಲಿ ಬಂಡೆಗಳೂ ಅಷ್ಟೇ ಚೆನ್ನಾಗಿ ಕಾಣುತ್ತಿರುತ್ತವೆ.

ಕೊನೆಗೆ ಸಿದ್ಧವಾದ ಅವಳ ನಕ್ಷೆಯಲ್ಲಿ ನೈಸಿಗೆ ಗುಲಾಬಿ, ಡೈಕಿಗೆ ಹಸಿರು, ಜಂಬಿಟ್ಟಿಗೆಗೆ ಕಂದು. ಬಣ್ಣ ತುಂಬುವುದು ಸುಖದ ಕೆಲಸ. ಗೆರೆ ಎಳೆಯುವಾಗಲೇ ಕೈ ನಡುಗುವುದು. ಎರಡು ಕಲ್ಲುಗಳ ಗಡಿಯನ್ನು ಕಣ್ಣಾರೆ ಕಂಡಲ್ಲಿ ಅಖಂಡ ಗೆರೆ, ಆಸುಪಾಸಿನ ಬಂಡೆಗಳಿಂದ ಊಹಿಸಿದಲ್ಲಿ ತುಂಡುಗೆರೆ, ಮಣ್ಣಿನಡಿ ಅಥವಾ ನೀರಿನಡಿ ಇರಬಹುದೆಂದು ಅಂದಾಜು ಮಾಡಿದಲ್ಲಿ ಚುಕ್ಕೆ. ಮಲೆನಾಡಿನ ನಕ್ಷೆಯಲ್ಲಿ ಅಖಂಡ ಗೆರೆ ಕಡಿಮೆ, ತುಂಡುಗೆರೆ ಹೆಚ್ಚು. ನಕ್ಷೆ ಚೆಂದ ಕಾಣಲೆಂದು ತುಂಡುಗಳನ್ನು ಕೂಡಿಸಿಬಿಡುವ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಬರುತ್ತದೆ. ಮೇಷ್ಟ್ರು ಪ್ರತಿ ಅಖಂಡ ಗೆರೆಯ ಮೇಲೂ ಬೆರಳಿಟ್ಟು, ‘ಇಲ್ಲಿ ನಿಂತು ನೋಡಿದ್ದೀಯಾ?’ ಎಂದು ಕೇಳುತ್ತಿದ್ದರು. ಬಣ್ಣ ಅಚ್ಚುಕಟ್ಟಾಗಿದೆಯೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಭೂವಿಜ್ಞಾನದಲ್ಲಿ ಅವಳಿಗೆ ಸಿಕ್ಕ ಶಿಕ್ಷಣದ ತಿರುಳು ಆ ಪ್ರಶ್ನೆ.

ಆ ಪ್ರಶ್ನೆಯನ್ನು ಶರಾವತಿ ಕಣಿವೆಯಲ್ಲಿ ಗಟ್ಟಿಯಾಗಿ ಕೇಳಬೇಕಾದ ಕಾಲ ಇದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿದೆ. ಘಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆಯುವ ಯೋಜನೆ ಅದು, ಸಿಂಗಳೀಕ ಅಭಯಾರಣ್ಯದ ಸೀಮೆಯಲ್ಲಿ. ಪರವಾಗಿ ಮಾತಾಡುವವರೂ ವಿರೋಧಿಸುವವರೂ ಕಾಡಿನ ಬಗ್ಗೆ, ವಿದ್ಯುತ್ತಿನ ಬಗ್ಗೆ ಹೇಳುತ್ತಿದ್ದಾರೆ, ಅದು ಸರಿಯೇ. ಕಲ್ಲಿನ ಬಗ್ಗೆಯೂ ಅಷ್ಟೇ ಮಾತಾಗಬೇಕು. ಸುರಂಗ ಹಾಯುವ ಬಂಡೆಯಲ್ಲಿ ಬಿರುಕುಗಳು ಎಲ್ಲಿವೆ, ಕೊಳೆತ ಕಲ್ಲಿನ ಪದರ ಎಷ್ಟು ದಪ್ಪ, ಮಳೆಗಾಲದಲ್ಲಿ ಶೇಡಿಯ ಮೇಲಿನ ಗುಡ್ಡ ಜಾರುವ ಕಡೆ ಯಾವುದು ಎಂಬುದನ್ನು ಕಣಿವೆಯ ಜನ ತಿಳಿಯಬೇಕು. ಅದರಲ್ಲಿ ಯಾವುದು ಕೊರೆದು ಕಂಡದ್ದು, ಯಾವುದು ಊಹೆ ಎಂಬುದನ್ನೂ ತಿಳಿಯಬೇಕು.

ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾ ‘ಭೂಕೋಶ್’ ಎಂಬ ತನ್ನ ತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಬೀರುವಿಗೆ ಬೀಗವಿದ್ದ ಕಾಲ ಮುಗಿದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜುಗಳು ತಮ್ಮ ತಾಲ್ಲೂಕಿನ ಹಾಳೆಯನ್ನು ಅಚ್ಚು ಹಾಕಿಸಿ, ಏಪ್ರಿಲ್ ಮೇ ತಿಂಗಳಲ್ಲಿ ನೀರು ಇಳಿದಾಗ ಮಕ್ಕಳನ್ನು ದಂಡೆಗೆ ಕರೆದೊಯ್ಯಲಿ. ನಿಗಮವೂ ತನ್ನ ಯೋಜನೆಯ ಭೂವೈಜ್ಞಾನಿಕ ನಕ್ಷೆಯನ್ನು, ಕನ್ನಡದ ಸೂಚಿಯ ಸಮೇತ, ಕಣಿವೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಓದಲು ಇಡಬೇಕು.